ವಕಾಲತ್ತಿನ ದಾರಿ

ಉಡುಪಿ ಜಿಲ್ಲೆ ನೋಡಲು ಬರುವವರ ದಾರಿ ಹೆಚ್ಚುಕಡಿಮೆ ಮೊದಲೇ ಗೊತ್ತಾದದ್ದು: ರಥಬೀದಿ, ಕೃಷ್ಣಮಠ, ಮಣಿಪಾಲದ ಗುಡ್ಡ, ಕಾರ್ಕಳದ ಗೊಮ್ಮಟ, ಸಂಜೆಯ ಹೊತ್ತಿಗೆ ಕಾಪುವಿನ ದೀಪಸ್ತಂಭ. ಇದೇ ಊರುಗಳನ್ನು ಹೊಟ್ಟೆಪಾಡಿಗಾಗಿ ಸುತ್ತುವವರೂ ಇದ್ದಾರೆ. ಬಿಳಿ ಶರ್ಟು, ಕುತ್ತಿಗೆಗೆ ಬ್ಯಾಂಡು, ತೋಳಿನ ಮೇಲೆ ಮಡಚಿ ಹಾಕಿಕೊಂಡ ಕರಿ ಕೋಟು, ಕಂಕುಳಲ್ಲಿ ಫೈಲುಗಳ ಕಟ್ಟು. ಈ ಬರಹ ಹಿಡಿದಿರುವುದು ಆ ವಕೀಲರ ದಾರಿಯನ್ನು. ಒಂದು ಸೀಮೆಯನ್ನು ಅರಿಯಲು ಅಲ್ಲಿನ ದೇವಸ್ಥಾನ, ಕಡಲತೀರಗಳಂತೆ ನ್ಯಾಯಾಲಯದ ಜಗಲಿಯೂ ನೆರವಾಗುತ್ತದೆಂದು ನಾನು ನಂಬಿದ್ದೇನೆ. ಆ ಜಗಲಿಯಲ್ಲಿ ಮೊದಲು ಕಾಣುವುದು ದಣಿವು. ಊರಿನ ವಕೀಲರ ದಣಿವನ್ನು ನಾವು ಅವರವರ ಮೈಯ, ಮನಸ್ಸಿನ ವಿಚಾರವೆಂದು ಬಿಟ್ಟುಬಿಟ್ಟಿದ್ದೇವೆ. ನನ್ನ ವಾದ ಬೇರೆ. ಈ ದಣಿವು ಹುಟ್ಟುವುದು ನ್ಯಾಯಾಲಯದ ದಿನವನ್ನು ನಾವು ಕಟ್ಟಿರುವ ಬಗೆಯಿಂದ. ಅದರ ಬೆಲೆ ತೆರುತ್ತಿರುವುದು ಮನೆಗಳು. ಹಾಗಾಗಿ ತೀರಿಕೊಂಡ ಸಹೋದ್ಯೋಗಿಗೆ ವಕೀಲರ ಸಂಘವೊಂದು ಸಲ್ಲಿಸಬಹುದಾದ ನಿಜವಾದ ಗೌರವವೆಂದರೆ ಬದುಕಿರುವವರ ಸಂಜೆಯನ್ನು ಅವರ ಮನೆಗೆ ಮರಳಿ ಕೊಡಿಸುವುದು.

ಉಡುಪಿಯಿಂದಲೇ ಹೊರಡೋಣ. 1997ರ ಆಗಸ್ಟ್ 25ರಂದು ದಕ್ಷಿಣ ಕನ್ನಡದಿಂದ ಬೇರೆಯಾಗಿ ಇದು ಜಿಲ್ಲೆಯಾಯಿತು. ಅದಕ್ಕೆ ಮುಂಚೆ ಜಿಲ್ಲಾ ಕೇಂದ್ರದ ಕೆಲಸವೆಂದರೆ ಮಂಗಳೂರಿನ ಬಸ್ಸು ಹಿಡಿಯುವ ಕೆಲಸ. ಈಗ ಜಿಲ್ಲಾ ನ್ಯಾಯಾಲಯ ಪೇಟೆಯ ನಡುವೆಯೇ ಇದೆ. ಬೆಳಗ್ಗೆ 11ಕ್ಕೆ ಕಲಾಪ ಶುರು. ದಿನದ ಪಟ್ಟಿಯಲ್ಲಿ ಒಬ್ಬರೇ ವಕೀಲರಿಗೆ ಒಂದು ಹಾಲ್‌ನಲ್ಲಿ ಪಾಟೀಸವಾಲು, ಇನ್ನೊಂದರಲ್ಲಿ ಜಾಮೀನು ಅರ್ಜಿ, ಮತ್ತೊಂದರಲ್ಲಿ ಮೋಟಾರು ಅಪಘಾತ ಪರಿಹಾರದ ಸಾಕ್ಷ್ಯ ಬಂದಿರುವುದು ತೀರ ಸಾಮಾನ್ಯ. ಪಟ್ಟಿಯಲ್ಲಿ ಕೇಸಿನ ನಂಬರು ಇರುತ್ತದೆ, ಹಂತ ಇರುತ್ತದೆ, ಗಂಟೆ ಇರುವುದಿಲ್ಲ. ಕರೆಯುವವರೆಗೆ ಕಾಯಬೇಕು, ಎಲ್ಲಿ ಮೊದಲು ಕರೆಯುತ್ತಾರೆಂದು ಊಹಿಸಬೇಕು, ಉಳಿದ ಕಡೆ ಜೂನಿಯರನ್ನು ನಿಲ್ಲಿಸಿ ‘ಪಾಸ್ ಓವರ್’, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಕರೆಯಿರೆಂದು, ಕೇಳಿಸಬೇಕು. ಜಗಲಿಯಲ್ಲಿ ನಿಂತ ಕಕ್ಷಿದಾರರೊಬ್ಬರು ತುಳುವಿನಲ್ಲಿ ಕೇಳಿದ್ದಕ್ಕೆ ತುಳುವಿನಲ್ಲೇ ಉತ್ತರಿಸಿ, ಕೊಂಕಣಿಯಲ್ಲಿ ಕೇಳಿದವರಿಗೆ ಕೊಂಕಣಿಯಲ್ಲಿ ಸಮಾಧಾನ ಹೇಳಿ, ಒಳಗೆ ಹೋಗಿ ಅದೇ ಸಂಗತಿಯನ್ನು ಕನ್ನಡದಲ್ಲೋ ಇಂಗ್ಲಿಷಿನಲ್ಲೋ ಮಂಡಿಸಬೇಕು. ಇಷ್ಟೂ ಏಪ್ರಿಲ್ ತಿಂಗಳ ಕರಾವಳಿಯ ಸೆಕೆಯಲ್ಲಿ. ಸುಪ್ರೀಂ ಕೋರ್ಟ್ ಮತ್ತು ಹೈಕೋರ್ಟ್‌ಗಳನ್ನು ಬಿಟ್ಟರೆ ಬೇಸಿಗೆಯಲ್ಲಿ ಕರಿ ಕೋಟು ಕಡ್ಡಾಯವಲ್ಲವೆಂದು ವಕೀಲರ ಪರಿಷತ್ತಿನ ನಿಯಮವೇ ಹೇಳುತ್ತದೆ. ಆ ನಿಯಮ ಬರೆದವರಿಗೆ ಒಂದು ಸತ್ಯ ಗೊತ್ತಿತ್ತು: ವಾದ ಮಾಡುವುದು ಮೈಯುಳ್ಳ ಮನುಷ್ಯ. ಆ ತಿಳಿವಳಿಕೆ ಕೋಟಿನಿಂದ ಮುಂದಕ್ಕೆ, ದಿನಚರಿಯವರೆಗೆ ಬೆಳೆಯಲಿಲ್ಲ.

ಈ ಜಿಲ್ಲೆಯ ಫೈಲುಗಳಿಗೂ ಒಂದು ವಿಶೇಷ ಭಾರವಿದೆ. ಬೇರೆ ಕಡೆಯ ವಕೀಲರು ಪುಸ್ತಕದಲ್ಲಷ್ಟೇ ಓದುವ ಹಕ್ಕುಗಳು ಇಲ್ಲಿ ದಿನನಿತ್ಯದ ಜಗಳ. ವರ್ಗ (ಪಟ್ಟಾ) ಜಾಗದ ಅಂಚಿನಿಂದ 100 ಗಜದೊಳಗಿನ ಸರ್ಕಾರಿ ಭೂಮಿಯಿಂದ ಸೊಪ್ಪು, ಕಟ್ಟಿಗೆ, ಹುಲ್ಲು ತರುವ ಕುಮ್ಕಿ ಸವಲತ್ತು ಮದ್ರಾಸ್ ಆಡಳಿತದ ಕಾಲದಿಂದ ಬಂದದ್ದು. 1964ರ ಭೂಕಂದಾಯ ಕಾಯ್ದೆಯ 79ನೇ ಕಲಮಿನಲ್ಲಿ ಅದು ಉಳಿದುಕೊಂಡಿದೆ. ಶಾಶ್ವತ ಗೇಣಿಯ ಮೂಲಗೇಣಿದಾರರಿಗೆ ಮಾಲಕತ್ವ ಕೊಡಲು 2011ರಲ್ಲಿ ಪ್ರತ್ಯೇಕ ಕಾಯ್ದೆಯೇ ಬೇಕಾಯಿತು. ಅಳಿಯಸಂತಾನ ಕುಟುಂಬಗಳ ಪಾಲಿನ ದಾವೆಯಲ್ಲಿ 1949ರ ಮದ್ರಾಸ್ ಕಾಯ್ದೆ, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಎರಡನ್ನೂ ಕೈಯಲ್ಲಿ ಹಿಡಿದು ಒಂದೊಂದು ಕವರನ್ನೂ, ಅಂದರೆ ತಾಯಿಯ ಕಡೆಯ ಕುಟುಂಬದ ಕವಲನ್ನೂ, ಬಿಡಿಸಬೇಕು. 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗ ಭೂನ್ಯಾಯ ಮಂಡಳಿಯ ಮುಂದೆ ವಕೀಲರಿಗೆ ಪ್ರವೇಶವೇ ಇರಲಿಲ್ಲ. ಆ ನಿರ್ಬಂಧ ನಿಲ್ಲದೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1987ರಲ್ಲಿ. ಮಂಡಳಿಯ ಮುಂದೆ ಗೇಣಿದಾರರು ಸಲ್ಲಿಸಿದ ಘೋಷಣೆಗಳ ಬಾಲ ಹಿಡಿದ ದಾವೆಗಳು ಎಷ್ಟೋ ವರ್ಷ ನಡೆದವು. ಅಳಿಯಸಂತಾನದ ಪಾಲಿನ ದಾವೆಯಲ್ಲಿ ಒಂದು ಕವರಿನ ಹಿರಿಯರು ತೀರಿಕೊಂಡಾಗ ಮಕ್ಕಳ ಹೆಸರು ಸೇರುತ್ತದೆ, ಪಟ್ಟಿ ಉದ್ದವಾಗುತ್ತದೆ, ದಾವೆಯ ನಂಬರು ಮಾತ್ರ ಹಳೆಯದೇ ಇರುತ್ತದೆ. ಮನುಷ್ಯರಿಗಿಂತ ಹೆಚ್ಚು ಬಾಳುವ ಕಡತಗಳನ್ನು ಮನುಷ್ಯರೇ ಹೊತ್ತು ನಡೆಯಬೇಕಾದ ಕಸುಬು ಇದು.

ಪೇಟೆಯಿಂದ ಮಣಿಪಾಲಕ್ಕೆ ಹತ್ತುವ ದಾರಿ ಹೆಚ್ಚೆಂದರೆ ಐದಾರು ಕಿಲೋಮೀಟರು. ಕಲ್ಸಂಕ, ಕಡಿಯಾಳಿ ದಾಟಿದರೆ ಕುಂಜಿಬೆಟ್ಟು. ಅಲ್ಲೇ ವೈಕುಂಠ ಬಾಳಿಗಾ ಕಾನೂನು ಕಾಲೇಜು. ಡಾ. ಟಿ.ಎಂ.ಎ. ಪೈ ಅವರ ಮುಂದಾಳತ್ವದಲ್ಲಿ 1957ರಲ್ಲಿ ಆರಂಭವಾದ ಈ ಸಂಸ್ಥೆಗೆ ವಕೀಲರೂ ಮೈಸೂರು ವಿಧಾನಸಭೆಯ ಸಭಾಧ್ಯಕ್ಷರೂ ಆಗಿ 1968ರಲ್ಲಿ ತೀರಿಕೊಂಡ ಬಂಟ್ವಾಳ ವೈಕುಂಠ ಬಾಳಿಗರ ಹೆಸರಿದೆ. ಈ ಸೀಮೆಯ ಎಷ್ಟೋ ವಕೀಲರು ಕಲಿತದ್ದು ಇಲ್ಲಿ. ಇನ್ನೂ ಮೇಲೆ ಹೋದರೆ ಜಿಲ್ಲಾಡಳಿತದ ರಜತಾದ್ರಿ. ಆಸ್ಪತ್ರೆಗಾಗಿ, ಓದಿಗಾಗಿ ಮಣಿಪಾಲಕ್ಕೆ ಬರುವವರ ನಡುವೆ ಜಿಲ್ಲಾಧಿಕಾರಿಗಳ ನ್ಯಾಯಾಲಯದ ವಾಯಿದೆಗೆ ಬರುವ ವಕೀಲರೂ ಇರುತ್ತಾರೆ. ಸಿವಿಲ್ ಕೋರ್ಟಿಗೂ ಕಂದಾಯ ಕೋರ್ಟಿಗೂ ಒಂದೇ ದಿನ ವಾಯಿದೆ ಬಿದ್ದರೆ ಈ ಐದಾರು ಕಿಲೋಮೀಟರು ಸಾಕು, ದಿನ ಒಡೆಯಲು. ಖಾತೆ ಬದಲಾವಣೆಯ ತಕರಾರಿನಲ್ಲಿ ತಹಸೀಲ್ದಾರರ ಆದೇಶದ ಮೇಲ್ಮನವಿ ಹೋಗುವುದು ಉಪವಿಭಾಗಾಧಿಕಾರಿಗೆ, ಆ ಕಚೇರಿ ಇರುವುದು ಕುಂದಾಪುರದಲ್ಲಿ. ಕಾರ್ಕಳದ ಒಂದು ಹಳ್ಳಿಯ ಎರಡು ಸೆಂಟ್ಸ್ ಜಾಗದ ವಿಚಾರಕ್ಕೆ ವಕೀಲರು ಉಡುಪಿ ದಾಟಿ ಜಿಲ್ಲೆಯ ಆ ಕಡೆಗೆ ಹೋಗಿಬರಬೇಕು. ಹೈಕೋರ್ಟಾದರೆ ಬೆಂಗಳೂರು, ಸುಮಾರು 400 ಕಿಲೋಮೀಟರು. ಧಾರವಾಡಕ್ಕೂ ಕಲಬುರಗಿಗೂ 2008ರಲ್ಲಿ ಬಂದ ಪೀಠ ಕರಾವಳಿಗೆ ಇನ್ನೂ ಬಂದಿಲ್ಲ. ನ್ಯಾಯಾಂಗದ ನಕ್ಷೆ ಬರೆಯುವವರು ಜನರ ದೂರವನ್ನು ಒಮ್ಮೊಮ್ಮೆ ಲೆಕ್ಕ ಹಾಕಿದ್ದಾರೆ, ವಕೀಲರ ದೂರವನ್ನು ಲೆಕ್ಕ ಹಾಕಿದ್ದು ಕಡಿಮೆ. ಆದರೆ ಎರಡೂ ಒಂದೇ ದೂರ. ವಕೀಲರ ಬಸ್ ಖರ್ಚು ಕೊನೆಗೆ ಸೇರುವುದು ಕಕ್ಷಿದಾರರ ಖಾತೆಗೇ.

ಮಣಿಪಾಲದಿಂದ ಪರ್ಕಳ, ಹಿರಿಯಡ್ಕ, ಬೈಲೂರು ಹಾದು ಕಾರ್ಕಳ ಮುಟ್ಟುತ್ತೇವೆ. ಇದು ಕಲ್ಲಿನ ಊರು, ನೆನಪಿನ ಊರು. ಬಂಡೆಯ ಮೇಲೆ ನಿಂತ 42 ಅಡಿಯ ಗೊಮ್ಮಟ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದ್ದು. ಎದುರಿನ ಗುಡ್ಡದ ಚತುರ್ಮುಖ ಬಸದಿ 1586ರದು, ನಾಲ್ಕು ದಿಕ್ಕಿಗೂ ಒಂದೇ ಬಗೆಯ ಬಾಗಿಲು. ಮಾಡಿಸಿದವರ ಹೆಸರು, ತಿಥಿ ಎಲ್ಲ ಶಾಸನದಲ್ಲಿವೆ. ನಮ್ಮ ಕಾಲದ ದೊಡ್ಡವರನ್ನೂ ಈ ತಾಲ್ಲೂಕು ಮರೆತಿಲ್ಲ. ಕೌಡೂರಿನಲ್ಲಿ 1909ರಲ್ಲಿ ಹುಟ್ಟಿದ ಕೆ.ಎಸ್. ಹೆಗ್ಡೆಯವರು ವಕೀಲಿಕೆಯಿಂದ ಆರಂಭಿಸಿ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ಎಡನೀರು ಮಠದ ಕೇಶವಾನಂದ ಭಾರತಿಯವರ ಮೊಕದ್ದಮೆಯ ತೀರ್ಪು 1973ರ ಏಪ್ರಿಲ್ 24ರಂದು ಬಂತು. ಅದರ ಬೆನ್ನಿಗೇ ಹಿರಿತನ ಬದಿಗೊತ್ತಿ ಕಿರಿಯರನ್ನು ಮುಖ್ಯ ನ್ಯಾಯಮೂರ್ತಿ ಮಾಡಿದಾಗ ಹೆಗ್ಡೆಯವರು ಸಹ ನ್ಯಾಯಮೂರ್ತಿಗಳಾದ ಶೆಲತ್, ಗ್ರೋವರ್ ಅವರೊಂದಿಗೆ ರಾಜೀನಾಮೆ ಕೊಟ್ಟು ಹೊರಬಂದರು. ಆಮೇಲೆ ಲೋಕಸಭೆಯ ಸಭಾಧ್ಯಕ್ಷರಾದರು. ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಕಟ್ಟಿದರು. ಇಂಥವರ ಹೆಸರು ಕಟ್ಟಡಗಳ ಮೇಲೆ, ಪುಸ್ತಕಗಳಲ್ಲಿ ಉಳಿಯುತ್ತದೆ. ಉಳಿಯಲೂಬೇಕು. ಆದರೆ ಕಾರ್ಕಳದ ಕೋರ್ಟಿನಲ್ಲಿ ಕುಮ್ಕಿ ಕೇಸು, ಚೆಕ್ ಬೌನ್ಸ್ ಕೇಸು, ಜೀವನಾಂಶದ ಅರ್ಜಿ ನಡೆಸುತ್ತ ಆಯುಷ್ಯ ಕಳೆದು ಒಂದು ದಿನ ತೀರಿಕೊಂಡವರನ್ನು ಅವರ ಕಸುಬು ಹೇಗೆ ನೆನೆಯುತ್ತದೆ? ಒಂದು ವೃತ್ತಿ ತನ್ನ ಸಾಮಾನ್ಯರನ್ನು ಹೇಗೆ ಬೀಳ್ಕೊಡುತ್ತದೆ ಎನ್ನುವುದರಲ್ಲಿ ಅದರ ಗುಣ ಕಾಣುತ್ತದೆ.

ರೂಢಿ ಎಲ್ಲರಿಗೂ ಗೊತ್ತಿದೆ. ವಕೀಲರೊಬ್ಬರು ತೀರಿಕೊಂಡ ಸುದ್ದಿ ಬಂದರೆ ಸಂಘದಲ್ಲಿ ಸಂತಾಪ ಸಭೆ ಸೇರುತ್ತದೆ. ನ್ಯಾಯಾಧೀಶರೂ ಬರುತ್ತಾರೆ. ಒಬ್ಬಿಬ್ಬರು ಹಿರಿಯರು ನುಡಿನಮನ ಸಲ್ಲಿಸುತ್ತಾರೆ, ಎಲ್ಲರೂ ಎದ್ದುನಿಂತು ಮೌನ ಆಚರಿಸುತ್ತಾರೆ, ಠರಾವು ಮನೆಯವರಿಗೆ ಹೋಗುತ್ತದೆ. ಇದನ್ನು ನಾನು ಹಗುರವಾಗಿ ಕಾಣುವವನಲ್ಲ. ನಿನ್ನೆಯವರೆಗೆ ಎದುರು ವಾದಿಸಿದವರೇ ಇಂದು ಒಳ್ಳೆಯ ಮಾತಾಡುವುದು ದೊಡ್ಡ ಸಂಸ್ಕಾರ. ಆದರೆ ಸಭೆ ಮುಗಿದ ಮೇಲೆ ಏನಾಗುತ್ತದೆಂದು ನೋಡಬೇಕು. ಸಿವಿಲ್ ಪ್ರಕ್ರಿಯಾ ಸಂಹಿತೆಯ ಮೂರನೇ ಆರ್ಡರಿನ ನಾಲ್ಕನೇ ನಿಯಮದ ಪ್ರಕಾರ, ಕೋರ್ಟಿನ ಅನುಮತಿಯಿಂದ ರದ್ದಾಗದಿದ್ದರೆ ವಕಾಲತ್ತು ಕಕ್ಷಿದಾರರೋ ವಕೀಲರೋ ತೀರಿಕೊಳ್ಳುವವರೆಗೆ, ಇಲ್ಲವೇ ಆ ಕಕ್ಷಿದಾರರ ಮಟ್ಟಿಗೆ ದಾವೆ ಮುಗಿಯುವವರೆಗೆ ಜಾರಿಯಲ್ಲಿರುತ್ತದೆ. ಕಕ್ಷಿದಾರರು ತೀರಿಕೊಂಡರೆ ಮುಂದೇನೆಂದು ಹೇಳಲು ಇಪ್ಪತ್ತೆರಡನೇ ಆರ್ಡರ್ ಇಡೀಯಾಗಿ ಮೀಸಲಿದೆ: 90 ದಿನದೊಳಗೆ ವಾರಸುದಾರರನ್ನು ದಾಖಲೆಗೆ ತರಬೇಕು, ತಡವಾದರೆ ಕಾರಣ ತೋರಿಸಬೇಕು. ಕಕ್ಷಿದಾರರ ಸಾವು ತಿಳಿದ ಕೂಡಲೇ ಕೋರ್ಟಿಗೆ ತಿಳಿಸುವ ಹೊಣೆಯನ್ನು 1976ರ ತಿದ್ದುಪಡಿ ವಕೀಲರ ಹೆಗಲಿಗೇ ಹಾಕಿದೆ. ವಕೀಲರೇ ತೀರಿಕೊಂಡರೆ ಅವರ ಕೈಯಲ್ಲಿದ್ದ ಫೈಲುಗಳನ್ನು ಯಾರು ವಹಿಸಿಕೊಳ್ಳಬೇಕು, ಕಕ್ಷಿದಾರರಿಗೆ ಯಾರು ಹೇಳಬೇಕು ಎಂಬುದಕ್ಕೆ ಅಷ್ಟೇ ಸ್ಪಷ್ಟವಾದ ವ್ಯವಸ್ಥೆ ಸಂಹಿತೆಯಲ್ಲಿಲ್ಲ. ಆ ಹೊಣೆ ಜೂನಿಯರ್ ಇದ್ದರೆ ಜೂನಿಯರಿಗೆ, ಗುಮಾಸ್ತರಿದ್ದರೆ ಗುಮಾಸ್ತರಿಗೆ, ಯಾರೂ ಇಲ್ಲದಿದ್ದರೆ ಮನೆಯವರಿಗೆ ಬೀಳುತ್ತದೆ. ಬೊಜ್ಜ (ಉತ್ತರಕ್ರಿಯೆ) ಮುಗಿಯುವ ಮೊದಲೇ ಮುಂಬಾಗಿಲಲ್ಲಿ ಕಕ್ಷಿದಾರರು ನಿಂತು, ತಮ್ಮ ಮೂಲ ದಸ್ತಾವೇಜು ಎಲ್ಲಿದೆಯೆಂದು ಕೇಳುತ್ತಾರೆ. ಅವರು ಕೇಳುವುದು ತಪ್ಪಲ್ಲ; ಉತ್ತರಿಸಬೇಕಾದವರು ಆ ಮನೆಯವರಾಗಬಾರದು. 1983ರ ಕರ್ನಾಟಕ ವಕೀಲರ ಕಲ್ಯಾಣ ನಿಧಿ ಕಾಯ್ದೆ ಸದಸ್ಯರ ಕುಟುಂಬಕ್ಕೆ ಹಣದ ನೆರವು ಕೊಡುತ್ತದೆ, ಅದು ಬೇಕಾದದ್ದೇ. ಆದರೆ ಫೈಲಿನ ಭಾರವನ್ನು ಹಣ ಇಳಿಸುವುದಿಲ್ಲ.

ದಣಿವಿಗೂ ಸಾವಿಗೂ ಗಂಟು ಹಾಕುವುದು ಅತಿರೇಕ ಎಂದು ಕೆಲವರು ಹೇಳಬಹುದು. ಒಬ್ಬ ವ್ಯಕ್ತಿಯ ಸಾವಿನ ಕಾರಣವನ್ನು ಹೊರಗಿನವರು ನಿರ್ಣಯಿಸಲಾಗದು, ಒಪ್ಪುತ್ತೇನೆ. ಆದರೆ ಸಮೂಹದ ಲೆಕ್ಕ ಬೇರೆ ಮಾತು ಹೇಳುತ್ತದೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2021ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗೆ ಹೋಲಿಸಿದರೆ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇಕಡಾ 35ರಷ್ಟು, ಹೃದ್ರೋಗದಿಂದ ಸಾಯುವ ಅಪಾಯ ಶೇಕಡಾ 17ರಷ್ಟು ಹೆಚ್ಚು. ಅಮೆರಿಕದಲ್ಲಿ 12,825 ವಕೀಲರನ್ನು ವಿಚಾರಿಸಿ 2016ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇಕಡಾ 28ರಷ್ಟು ಮಂದಿಯಲ್ಲಿ ಖಿನ್ನತೆಯ ಲಕ್ಷಣ ಕಂಡಿತು. ಅಲ್ಲಿಯ ಲೆಕ್ಕವನ್ನು ಉಡುಪಿಗೆ ಹಾಗೆಯೇ ತಂದು ಹಚ್ಚಲಾಗದು. ಆದರೂ ಇಲ್ಲಿಯ ದಿನವನ್ನು ಕೂಡಿಸಿ ನೋಡಿ: ಬೆಳಗ್ಗೆ ಕಕ್ಷಿದಾರರ ಭೇಟಿ, 11ರಿಂದ ಸಂಜೆಯವರೆಗೆ ಕೋರ್ಟು, ಮತ್ತೆ ಕಚೇರಿ, ರಾತ್ರಿ ಮರುದಿನದ ತಯಾರಿ. ಎರಡನೇ ಶನಿವಾರ ರಜೆಯೆಂದರೆ ರಾಷ್ಟ್ರೀಯ ಲೋಕ ಅದಾಲತ್ ಹೆಚ್ಚಾಗಿ ಅಂದೇ ಬರುತ್ತದೆ. 55 ಗಂಟೆ ಎಂಬುದು ಇಂಥವರಿಗೆ ದೂರದ ಗಡಿಯಲ್ಲ.

ಸಂಜೆ ಕಾಪುವಿನ ಕಡೆಗೆ ಇಳಿಯೋಣ. ಕಾರ್ಕಳದಿಂದ ನಿಟ್ಟೆ, ಬೆಳ್ಮಣ್, ಶಿರ್ವದ ದಾರಿ. 2018ರಲ್ಲಿ ತಾಲ್ಲೂಕಾದ ಕಾಪು, ಮಾರಿಗುಡಿಗಳ ಊರು. 1901ರ ದೀಪಸ್ತಂಭ ಕಡಲಂಚಿನ ಬಂಡೆಯ ಮೇಲಿದೆ. ಪ್ರವಾಸಿಗಳಿಗೆ ಈ ಹೊತ್ತು ದಿನದ ಕೊನೆ. ಉಡುಪಿಯ ಕೋರ್ಟು ಮುಗಿಸಿ ರಾಷ್ಟ್ರೀಯ ಹೆದ್ದಾರಿಯಲ್ಲಿ ಹದಿಮೂರು ಕಿಲೋಮೀಟರು ಬಂದ ವಕೀಲರಿಗೆ ದಿನದ ಎರಡನೇ ಪಾಳಿ ಇಲ್ಲಿ ಶುರು. ಊರಿನ ಎಷ್ಟೋ ವಕೀಲರಿಗೆ ಮನೆಯ ಮುಂದಿನ ಕೋಣೆಯೇ ಕಚೇರಿ. ಚಾವಡಿಯಲ್ಲಿ ಎರಡು ಬೆಂಚು, ಗೋಡೆಗೆ ಕಾನೂನು ಪುಸ್ತಕದ ಕಪಾಟು, ಬಾಗಿಲ ಬಳಿ ಬಿಚ್ಚಿಟ್ಟ ಚಪ್ಪಲಿಗಳು. ಪಕ್ಕದ ಕೋಣೆಯಲ್ಲಿ ಪರೀಕ್ಷೆಗೆ ಓದುವ ಮಗು ದನಿ ತಗ್ಗಿಸಿ ಓದಬೇಕು. ವಿಚ್ಛೇದನದ, ಪೋಕ್ಸೊ ಕೇಸಿನ ಮಾತು ಅದರ ಕಿವಿಗೆ ಬೀಳಬಾರದೆಂದು ಬಾಗಿಲು ಎಳೆದುಕೊಳ್ಳಬೇಕು. ಬಂದವರಿಗೆ ಚಹಾ ಯಾರು ಮಾಡುತ್ತಾರೆ? 2019ರ ರಾಷ್ಟ್ರೀಯ ಸಮಯ ಬಳಕೆ ಸಮೀಕ್ಷೆಯ ಪ್ರಕಾರ ಸಂಬಳವಿಲ್ಲದ ಮನೆಗೆಲಸದಲ್ಲಿ ತೊಡಗುವ ಮಹಿಳೆ ದಿನಕ್ಕೆ ಸರಾಸರಿ 299 ನಿಮಿಷ, ಪುರುಷ 97 ನಿಮಿಷ ಕಳೆಯುತ್ತಾರೆ. ವಕೀಲರೇ ಮಹಿಳೆಯಾಗಿದ್ದರೆ ಕೋರ್ಟು, ಮನೆ ಎರಡರ ಕೆಲಸವೂ ಒಬ್ಬರ ತಲೆಯ ಮೇಲೆ. ಗಂಟೆ ನಿಗದಿಯಾಗದ ಪಟ್ಟಿ ಅವರಿಗೆ ಎಲ್ಲರಿಗಿಂತ ಹೆಚ್ಚು ದುಬಾರಿ. ತುಳುನಾಡಿನ ಮನೆಗಳಿಗೆ ಅಗಲಿದವರನ್ನು ನೆನೆಯುವ ತಮ್ಮದೇ ಕ್ರಮವಿದೆ: ಆಟಿ ತಿಂಗಳಲ್ಲಿ ಬಾಳೆಲೆ ಹಾಕಿ ಹಿರಿಯರಿಗೆ ಬಡಿಸುತ್ತಾರೆ, ಅವರಿಗೆ ಇಷ್ಟವಾದ ಅಡುಗೆ ಮಾಡುತ್ತಾರೆ. ಮನೆ ನೆನೆಯುವುದು ಉಂಡು ಮಾತಾಡಿದ ಮನುಷ್ಯರನ್ನು. ಬದುಕಿದ್ದಾಗ ಮನೆಯವರ ಜೊತೆ ಕೂತು ಉಣ್ಣಲು ಹೊತ್ತಿಲ್ಲದವರಿಗೆ ಎಲೆ ಹಾಕುವಾಗ ಮನೆಗೆ ಆಗುವ ಸಂಕಟವನ್ನು ಯಾವ ಠರಾವೂ ತುಂಬಲಾರದು.

ಇಲ್ಲೊಂದು ಬಲವಾದ ಆಕ್ಷೇಪ ಬರುತ್ತದೆ, ಅದನ್ನು ನೇರವಾಗಿ ಎದುರಿಸಬೇಕು. ವಾಯಿದೆ ಕೇಳುವವರು ವಕೀಲರೇ ಅಲ್ಲವೇ? ಕೇಸು ಎಳೆಯುವವರೇ ದಣಿವಿನ ಬಗ್ಗೆ ದೂರಬಹುದೇ? ವಾಯಿದೆಯ ದುರುಪಯೋಗ ಇದೆ, ಅದನ್ನು ಮುಚ್ಚಿಡಬಾರದು. ಅದನ್ನು ತಡೆಯಲೆಂದೇ ಸಿವಿಲ್ ಪ್ರಕ್ರಿಯಾ ಸಂಹಿತೆಯ ಹದಿನೇಳನೇ ಆರ್ಡರಿಗೆ ತಿದ್ದುಪಡಿ ತಂದು, ದಾವೆಯ ವಿಚಾರಣೆಯಲ್ಲಿ ಒಬ್ಬ ಕಕ್ಷಿದಾರರಿಗೆ ಮೂರಕ್ಕಿಂತ ಹೆಚ್ಚು ವಾಯಿದೆ ಕೊಡಬಾರದೆಂಬ ಮಿತಿಯನ್ನು 2002ರಿಂದ ಜಾರಿಗೆ ತಂದರು. ಆದರೂ ದೇಶದ ಜಿಲ್ಲಾ ನ್ಯಾಯಾಲಯಗಳಲ್ಲಿ ಇಂದು 4 ಕೋಟಿಗೂ ಹೆಚ್ಚು ಪ್ರಕರಣಗಳು ಬಾಕಿ ಇವೆ. ಮಿತಿ ಹಾಕಿದರೂ ರೋಗ ಹೋಗದಿದ್ದರೆ ಮೂಲ ಬೇರೆ ಕಡೆ ಇರಬೇಕು. 10 ಲಕ್ಷ ಜನಕ್ಕೆ 50 ನ್ಯಾಯಾಧೀಶರು ಬೇಕೆಂದು ಕಾನೂನು ಆಯೋಗ 1987ರಲ್ಲೇ ಹೇಳಿತ್ತು. ಇಂದಿಗೂ ನಾವು ಅದರ ಅರ್ಧ ಮುಟ್ಟಿಲ್ಲ. ಒಂದೇ ಹೊತ್ತಿಗೆ ಮೂರು ಹಾಲ್‌ಗಳಲ್ಲಿ ಇರಬೇಕಾದವರು ಎರಡು ಕಡೆ ವಾಯಿದೆ ಕೇಳಲೇಬೇಕಾಗುತ್ತದೆ. ತಾಲ್ಲೂಕಿನ ವಕೀಲಿಕೆಯಲ್ಲಿ ಶುಲ್ಕವೂ ಹೆಚ್ಚಾಗಿ ಇಡೀ ಕೇಸಿಗೆ ಇಷ್ಟೆಂದು ಮಾತಾಡಿ ಕಂತಿನಲ್ಲಿ ಬರುವಂಥದ್ದು. ಅಲ್ಲಿ ಎಳೆದಷ್ಟೂ ಲಾಭ ಎಂಬ ಲೆಕ್ಕ ಕೂಡಿಬರುವುದಿಲ್ಲ. ಅದೇ ಹಣಕ್ಕೆ ಓಡಾಟ ಮಾತ್ರ ಹೆಚ್ಚುತ್ತದೆ.

ಇನ್ನೊಂದು ಆಕ್ಷೇಪ ಕಕ್ಷಿದಾರರ ಪರವಾದದ್ದು. ಕೂಲಿ ಬಿಟ್ಟು ಬಂದು ಜಗಲಿಯಲ್ಲಿ ನಿಂತವರ ಕಷ್ಟದ ಮುಂದೆ ವಕೀಲರ ದಣಿವು ಎಷ್ಟರದು? ಹೋಲಿಸಿದರೆ ಕಕ್ಷಿದಾರರ ಕಷ್ಟವೇ ದೊಡ್ಡದು, ಅನುಮಾನವಿಲ್ಲ. ಆದರೆ ಇಬ್ಬರನ್ನೂ ಕಾಯಿಸುವುದು ಗಂಟೆಯಿಲ್ಲದ ಅದೇ ಪಟ್ಟಿ. ಒಬ್ಬರ ಕಾಯುವಿಕೆ ತಗ್ಗಿದರೆ ಇನ್ನೊಬ್ಬರದೂ ತಗ್ಗುತ್ತದೆ. ನಿದ್ದೆಗೆಟ್ಟ ವಕೀಲರು ಪಾಟೀಸವಾಲಿನಲ್ಲಿ ಬಿಟ್ಟ ಒಂದು ಪ್ರಶ್ನೆಯಿಂದ ಜಾಗ ಕಳೆದುಕೊಳ್ಳುವವರೂ ಕಕ್ಷಿದಾರರೇ. ಹಳೆಯ ಸೀನಿಯರ್‌ಗಳು ಗೊಣಗದೆ ದುಡಿದರಲ್ಲ ಎನ್ನುವವರಿಗೂ ಒಂದು ಮಾತು. ಅವರ ಸಾಧನೆ ದೊಡ್ಡದು, ಆದರೆ ಆ ಸಾಧನೆಯ ಬೆನ್ನಿಗೆ ಕೂಡು ಕುಟುಂಬವಿತ್ತು, ಮಕ್ಕಳನ್ನು ಬೆಳೆಸಿ, ಮುದುಕರನ್ನು ನೋಡಿಕೊಂಡು, ಹೊತ್ತಲ್ಲದ ಹೊತ್ತಿನಲ್ಲಿ ಬಂದವರಿಗೆ ಬಡಿಸಿದ ಹೆಂಗಸರ ದುಡಿಮೆ ಇತ್ತು. ಅವರು ಗೊಣಗಲಿಲ್ಲವೆಂದರೆ ಭಾರ ಇರಲಿಲ್ಲವೆಂದಲ್ಲ. ಅದನ್ನು ಹೊತ್ತವರನ್ನು ಯಾರೂ ಕೇಳಲಿಲ್ಲ. ಇಂದು ಮಕ್ಕಳು ಬೆಂಗಳೂರಿನಲ್ಲೋ ದುಬೈಯಲ್ಲೋ ಇರುವ ಮನೆಗಳಲ್ಲಿ ಆ ಭಾರ ಹೊರಲು ಹೆಗಲುಗಳೂ ಇಲ್ಲ.

ತಂತ್ರಜ್ಞಾನ ಎಲ್ಲವನ್ನೂ ಸರಿಮಾಡುತ್ತದೆಂದು ಕಾಯುವುದೂ ಬೇಡ, ಅದನ್ನು ಬದಿಗೆ ಸರಿಸುವುದೂ ಬೇಡ. ಇ-ಕೋರ್ಟ್ಸ್ ಯೋಜನೆಯ ಮೂರನೇ ಹಂತಕ್ಕೆ ಕೇಂದ್ರ ಸಂಪುಟ 2023ರಲ್ಲಿ 7,210 ಕೋಟಿ ರೂಪಾಯಿ ಮಂಜೂರು ಮಾಡಿದೆ. ಹಾಜರಾತಿಗೆ, ಕೇವಲ ದಿನಾಂಕ ಪಡೆಯುವ ಹಂತಕ್ಕೆ ವಿಡಿಯೊ ಕಲಾಪ ಸಾಕು. ಅಷ್ಟಕ್ಕೇ ಕಾರ್ಕಳದಿಂದ ಉಡುಪಿಗೆ ಬರುವುದು ತಪ್ಪುತ್ತದೆ. ಸಾಕ್ಷಿಯ ಮುಖ ನೋಡಿ ಕೇಳಬೇಕಾದ ಪಾಟೀಸವಾಲಿಗೆ ಹಾಲ್ ಬೇಕೇ ಬೇಕು, ಆದರೆ ಅದಕ್ಕೆ ಗಂಟೆ ಗೊತ್ತುಮಾಡಬಹುದು: ಅರ್ಜಿಗಳು ಮಧ್ಯಾಹ್ನದೊಳಗೆ, ಸಾಕ್ಷ್ಯ ಊಟದ ನಂತರ, ಹೊರ ತಾಲ್ಲೂಕಿನವರದು ಒಟ್ಟಿಗೆ. ಕುಂದಾಪುರದ ಕಂದಾಯ ಮೇಲ್ಮನವಿಗಳ ವಿಚಾರಣೆಯನ್ನು ತಿಂಗಳಿಗೊಮ್ಮೆ ಕಾರ್ಕಳದಲ್ಲಿ, ಕಾಪುವಿನಲ್ಲಿ ನಡೆಸಿದರೆ ಎಷ್ಟೋ ಬಸ್ ಪ್ರಯಾಣ ಉಳಿಯುತ್ತದೆ. ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಗ್ರಾಮೀಣ ಭಾಗದಲ್ಲಿ 15,000 ರೂಪಾಯಿ ಗೌರವಧನ ಕೊಡಬೇಕೆಂದು ಭಾರತೀಯ ವಕೀಲರ ಪರಿಷತ್ತು 2024ರಲ್ಲಿ ಶಿಫಾರಸು ಮಾಡಿದೆ. ತಾಲ್ಲೂಕಿನ ಸೀನಿಯರ್‌ಗಳಿಗೆ ಅದು ಭಾರವಾದರೆ ಸಂಘ ಮತ್ತು ಸರ್ಕಾರ ಪಾಲು ಹೊರಲಿ, ಏಕೆಂದರೆ ಕಚೇರಿಯಲ್ಲಿ ಇನ್ನೊಬ್ಬರು ಉಳಿದರೆ ಮಾತ್ರ ಫೈಲು ಒಬ್ಬರ ಉಸಿರಿಗೆ ಕಟ್ಟಿಕೊಂಡಿರುವುದು ತಪ್ಪುತ್ತದೆ.

ಉಳಿದದ್ದು ಸಂಘಗಳು ಇಂದೇ ಮಾಡಬಹುದಾದ ಕೆಲಸ, ಅದಕ್ಕೆ ಕಾಯ್ದೆ ಬೇಕಿಲ್ಲ. ಪ್ರತಿ ವಕೀಲರೂ ತಮ್ಮ ಕೇಸುಗಳ, ದಸ್ತಾವೇಜುಗಳ ಪಟ್ಟಿಯೊಂದನ್ನು ವರ್ಷಕ್ಕೊಮ್ಮೆ ಬರೆದಿಟ್ಟು, ತಮಗೇನಾದರೂ ಆದರೆ ಅವನ್ನು ವಿಚಾರಿಸಿಕೊಳ್ಳುವ ಒಬ್ಬ ಸಹೋದ್ಯೋಗಿಯ ಹೆಸರು ಸೂಚಿಸಲಿ. ಸಂತಾಪ ಸಭೆ ಮೌನದೊಂದಿಗೆ ಮುಗಿಯದೆ, ಅಗಲಿದವರ ಯಾವ ಫೈಲು ಯಾರ ಬಳಿಗೆ, ಕಕ್ಷಿದಾರರಿಗೆ ಯಾರು ತಿಳಿಸುತ್ತಾರೆ, ಕಲ್ಯಾಣ ನಿಧಿಯ ಅರ್ಜಿ ಯಾರು ತುಂಬುತ್ತಾರೆ ಎಂದು ಗೊತ್ತುಮಾಡಿಯೇ ಏಳಲಿ. ಆ ಮನೆಯ ಬಾಗಿಲಿಗೆ ಕಕ್ಷಿದಾರರಿಗಿಂತ ಮೊದಲು ಸಂಘದವರು ಹೋಗಲಿ. ಮರುದಿನ ಅದೇ ಸಂಘ ನ್ಯಾಯಾಧೀಶರ ಮುಂದೆ ಗಂಟೆ ಬರೆದ ಪಟ್ಟಿಯ ಬೇಡಿಕೆ ಇಡಲಿ, ತನ್ನ ಸದಸ್ಯರು ಕಾರಣವಿಲ್ಲದೆ ವಾಯಿದೆ ಕೇಳುವುದಿಲ್ಲವೆಂಬ ಮಾತನ್ನೂ ಕೊಡಲಿ. ಇತರರ ಹಕ್ಕಿಗಾಗಿ ಜೀವಮಾನವಿಡೀ ವಾದಿಸುವವರು ತಮ್ಮ ಮನೆಯವರ ಹಕ್ಕಿಗಾಗಿ ಒಮ್ಮೆ ಒಟ್ಟಾಗಿ ವಾದಿಸಿದರೆ ನ್ಯಾಯಾಲಯಕ್ಕೂ ಒಳಿತು, ಕಕ್ಷಿದಾರರಿಗೂ ಒಳಿತು. ಅಗಲಿದವರ ವಕಾಲತ್ತನ್ನು ಕಾನೂನು ಅವರ ಸಾವಿನೊಂದಿಗೆ ಮುಗಿಸುತ್ತದೆ. ಅವರ ಮನೆಯ ಮೇಲಿನ ಹೊಣೆ ಅವರ ಜೊತೆ ನಿಂತು ವಾದಿಸಿದವರಿಗೆ ಆಗ ಶುರುವಾಗುತ್ತದೆ.